ಮರ್ಲ್ ಓಬೆರಾನ್ ಬಾಂಬೆಯಲ್ಲಿ ಹುಟ್ಟಿದ್ದನ್ನ ಮುಚ್ಚಿಟ್ಟಿದ್ದು ತಪ್ಪಾ? (ಚರ್ಚೆ)

ರೂಪಾ_ಹಳೇರೀಲು:
ನಿನ್ನೆ ರಾತ್ರಿ 1939ರ ‘ವುದರಿಂಗ್ ಹೈಟ್ಸ್’ ಮತ್ತೆ ನೋಡ್ದೆ. ಕ್ಯಾಥಿ ಪಾತ್ರ ಮಾಡಿರೋ ಮರ್ಲ್ ಓಬೆರಾನ್ ಬಗ್ಗೆ ಎಲ್ಲಿ ಹುಡುಕಿದ್ರೂ ‘ಬ್ರಿಟಿಷ್ ನಟಿ’ ಅಂತಿರತ್ತೆ, ಅದರ ಕೆಳಗೇ ಯಾರಾದ್ರೂ ಒಬ್ರು ‘ಜೀವನಪೂರ್ತಿ ಸುಳ್ಳು ಹೇಳಿದವಳು’ ಅಂತ ಬರ್ದಿರ್ತಾರೆ. ಗೊತ್ತಿಲ್ಲದವ್ರಿಗೆ ಸ್ವಲ್ಪ ಹಿನ್ನೆಲೆ. 1911ರ ಫೆಬ್ರವರಿ 19ಕ್ಕೆ ಬಾಂಬೆಯಲ್ಲಿ ಹುಟ್ಟಿದ್ದು, ಎಸ್ಟೆಲ್ ಮರ್ಲ್ ಓ’ಬ್ರಿಯನ್ ಥಾಂಪ್ಸನ್ ಅಂತ ಹೆಸರು, ಕರೆಯೋದು ಕ್ವೀನಿ ಅಂತ. ಸಾಕಿದ ಶಾರ್ಲೆಟ್ ಸೆಲ್ಬಿ ಸಿಲೋನ್ ಕಡೆಯ ಯುರೇಷಿಯನ್ ಹೆಂಗಸು, ತಂದೆ ಆರ್ಥರ್ ಥಾಂಪ್ಸನ್ ಇಂಗ್ಲೆಂಡಿನ ಡಾರ್ಲಿಂಗ್ಟನ್‌ನವನು, ಇಲ್ಲಿ ರೈಲ್ವೇಲಿ ಕೆಲಸ. ಕಲ್ಕತ್ತಾದಲ್ಲಿ ಬೆಳೆದ್ಲು. ಲಾ ಮಾರ್ಟಿನಿಯರ್ ಶಾಲೇಲಿ ಹುಟ್ಟಿನ ವಿಷಯ ಎತ್ತಿ ಎತ್ತಿ ಆಡ್ಕೊಂಡಿದ್ದಕ್ಕೆ ಆ ಶಾಲೆನೇ ಬಿಟ್ಲು, ಟೆಲಿಫೋನ್ ಆಪರೇಟರ್ ಆದ್ಲು, 1920ರ ದಶಕದ ಕೊನೇಲಿ ಯೂರೋಪಿಗೆ ಹೋದ್ಲು. ಲಂಡನ್ನಿನ ಕೆಫೆ ಡಿ ಪ್ಯಾರಿಸ್‌ನಲ್ಲಿ ಹೋಸ್ಟೆಸ್ ಆಗಿದ್ದವಳಿಗೆ ನಿರ್ಮಾಪಕ-ನಿರ್ದೇಶಕ ಅಲೆಕ್ಸಾಂಡರ್ ಕೋರ್ಡಾ 1933ರಲ್ಲಿ ಎಂಟನೇ ಹೆನ್ರಿ ಮೇಲಿನ ಸಿನಿಮಾದಲ್ಲಿ ಆನ್ ಬೊಲಿನ್ ಪಾತ್ರ ಕೊಟ್ಟ. ಅಲ್ಲಿಂದ ಅವಳ ಊರು ಬದಲಾಯ್ತು. ಹುಟ್ಟಿದ್ದು ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ, ದಾಖಲೆಯೆಲ್ಲ ಬೆಂಕೀಲಿ ಸುಟ್ಟೋಯ್ತು, ಇದು ಸ್ಟುಡಿಯೋದವ್ರ ಕಥೆ. 1979ರಲ್ಲಿ ಸಾಯೋವರೆಗೂ ಅದೇ ಕಥೆ ನಡೀತು, 1983ರಲ್ಲಿ ಜೀವನಚರಿತ್ರೆ ಬಂದ್ಮೇಲೆ ನಿಜ ಹೊರಗೆ ಬಿತ್ತು.
ನನ್ನ ಮಾತು ಇಷ್ಟೇ. ಆ ಸುಳ್ಳನ್ನ ಅವಳ ಕೈಲಿ ಆ ಕಾಲ ಹೇಳಿಸಿದ್ದು. ಅವಳನ್ನ ಸುಳ್ಳುಗಾತಿ ಅನ್ನೋದು ಅನ್ಯಾಯ.

ಕಿರಣ್_ಗಾಂಧಿಬಜಾರ್:
“ಆ ಕಾಲ ಹೇಳಿಸಿದ್ದು” ಅಂತ ಕಾಲದ ಮೇಲೆ ಹಾಕೋದು ಸುಲಭ ಮೇಡಂ. ಬಾಯಿ ಅವಳದ್ದೇ ಅಲ್ವಾ. 1933ರಲ್ಲಿ ಹೊಟ್ಟೆಪಾಡು ಅನ್ನಿ, ಒಪ್ತೀನಿ. 1978ರಲ್ಲಿ ಏನು ಕಷ್ಟ ಇತ್ತು? ಆಗ ದುಡ್ಡಿತ್ತು, ಹೆಸರಿತ್ತು, ಹಾಲಿವುಡ್ಡಲ್ಲಿ ಯಾರೂ ಏನೂ ಮಾಡೋ ಹಾಗಿರ್ಲಿಲ್ಲ. ಆದ್ರೂ ಹೋಬಾರ್ಟ್‌ನವ್ರು ಊರ ಮಗಳು ಬಂದ್ಲು ಅಂತ ಮೇಯರ್ ಕಡೆಯಿಂದ ಸನ್ಮಾನ ಇಟ್ರೆ ಅಲ್ಲಿಗೆ ಹೋಗಿದ್ಲು. ತನ್ನದಲ್ಲದ ಊರಿನ ಸನ್ಮಾನಕ್ಕೆ!

ಮೀನಾ_ಕುಡ್ಲ:
“ಸನ್ಮಾನಕ್ಕೆ ಹೋಗಿದ್ಲು” ಅಂತ ಅರ್ಧ ಹೇಳಿ ನಿಲ್ಲಿಸಿದ್ದು ಯಾಕೆ ಮಾರಾಯ್ರೆ? ಅಲ್ಲಿ ಹೋದ ಮೇಲೆ ನಾನು ಇಲ್ಲಿ ಹುಟ್ಟಿದವಳಲ್ಲ ಅಂತ ಹೇಳಿದ್ಲು, ಆಮೇಲೆ ಹುಷಾರಿಲ್ಲ ಅಂತ ಎದ್ದು ಹೋದ್ಲು. ಅದನ್ನೂ ಬರೀಬೇಕಲ್ಲ. 67 ವರ್ಷದ ಹೆಂಗಸು ಅಷ್ಟು ಜನರ ಎದುರು ಆ ಮಾತು ಹೇಳ್ಳಿಕ್ಕೆ ಎಷ್ಟು ಕಷ್ಟಪಟ್ಟಿರಬೇಕು ಅಂತ ಯೋಚನೆ ಮಾಡಿ. ಮತ್ತೆ ಆ ಕಾಲದಲ್ಲಿ ನಿಜ ಹೇಳಿದವರ ಗತಿ ಏನಾಯ್ತು ಅಂತ ನೋಡ್ಲಿಕ್ಕೆ ಆನಾ ಮೇ ವಾಂಗ್ ಒಬ್ಬಳ ಕಥೆ ಸಾಕು. ‘ದ ಗುಡ್ ಅರ್ತ್’ 1937ರದ್ದು, ಚೀನಾದ ರೈತರ ಕಥೆ. ಚೀನೀ ಮೂಲದ ಆನಾ ಮೇ ವಾಂಗ್‌ಗೆ ನಾಯಕಿ ಪಾತ್ರ ಸಿಗ್ಲಿಲ್ಲ, ಯಾಕಂದ್ರೆ ಗಂಡನ ಪಾತ್ರಕ್ಕೆ ಬಿಳಿಯ ಪಾಲ್ ಮ್ಯೂನಿ ಇದ್ದ. ಲೂಯಿಸ್ ರೈನರ್‌ಗೆ ಮೇಕಪ್ ಮಾಡಿ ಕೊಟ್ರು, ಅವಳಿಗೆ ಆಸ್ಕರ್ ಕೂಡ ಬಂತು. ಬಿಳಿಯರು ಕರಿಯರ ನಡುವೆ ಪ್ರೇಮ ತೋರಿಸಬಾರದು ಅಂತ ಹಾಲಿವುಡ್ಡಿನ ಆಗಿನ ಸೆನ್ಸಾರ್ ನಿಯಮ ಹೇಸ್ ಕೋಡ್‌ನಲ್ಲೇ ಬರೆದದ್ದು ಉಂಟು, ಸ್ಟುಡಿಯೋದವರು ಆ ಹೆದರಿಕೆಯನ್ನ ಏಷ್ಯಾದವರ ತನಕ ಎಳೆದ್ರು. ಮರ್ಲ್ ನಿಜ ಹೇಳಿದ್ದಿದ್ರೆ ‘ವುದರಿಂಗ್ ಹೈಟ್ಸ್’ ನಾಯಕ ಆಲಿವಿಯರ್ ಪಕ್ಕ ಕ್ಯಾಥಿಯಾಗಿ ನಿಲ್ಲಲಿಕ್ಕೆ ಬಿಡ್ತಿದ್ರಾ?

ಧಾರವಾಡ_ಮಾಸ್ತರ:
ಎಲ್ಲಾರೂ ಊರಿನ ಬಗ್ಗೆ ಮಾತಾಡಾಕತ್ತೀರಿ. ಊರು ಮುಚ್ಚಿಡಲಿ, ನಾ ಬ್ಯಾಡ ಅನ್ನಂಗಿಲ್ರಿ. ಆದ್ರ ತಾಯೀನ್ನ? ಶಾರ್ಲೆಟ್ ಲಂಡನ್ನದಾಗ ಮಗಳ ಜೋಡಿನ ಇದ್ಲು, ಮನಿಗೆ ಯಾರರ ಬಂದ್ರ ಈಕಿ ನಮ್ಮ ಕೆಲಸದಾಕಿ ಅಂತ ಹೇಳ್ತಿದ್ಲಂತ. ಹೊತ್ತು ಸಾಕಿದ ತಾಯಿ, ಮಂದಿ ಮುಂದ ಚಹಾ ತಂದಿಟ್ಟು ಒಳಗ ಹೋಗಬೇಕು. ಇದಕ್ಕ ಯಾವ ಹೇಸ್ ಕೋಡ್ ಅಡ್ಡ ಇತ್ರಿ?

ರೂಪಾ_ಹಳೇರೀಲು:
“ಹೊತ್ತು ಸಾಕಿದ ತಾಯಿ” ಅನ್ನೋದೇ ಪೂರ್ತಿ ಸರಿ ಅಲ್ಲ ಮಾಸ್ತರೇ. ಮರ್ಲ್‌ನ ಹೆತ್ತಿದ್ದು ಶಾರ್ಲೆಟ್ ಅಲ್ಲ, ಶಾರ್ಲೆಟ್ ಮಗಳು ಕಾನ್‌ಸ್ಟನ್ಸ್, ಅವಳಿಗೆ ಆಗ ಇನ್ನೂ ಆಡೋ ವಯಸ್ಸು. ಮರ್ಯಾದೆ ಉಳಿಸೋಕೆ ಶಾರ್ಲೆಟ್ ಮೊಮ್ಮಗಳನ್ನೇ ಮಗಳು ಅಂತ ಬೆಳೆಸಿದ್ಲು, ಕಾನ್‌ಸ್ಟನ್ಸ್ ಅಕ್ಕ ಆಗ್ಬಿಟ್ಲು. ಮುಚ್ಚಿಡೋದು ಆ ಮನೇಲಿ ಮರ್ಲ್ ತೊಟ್ಟಿಲಲ್ಲಿದ್ದಾಗಲೇ ಶುರುವಾಗಿತ್ತು, ಕಲಿಸಿದ್ದೇ ಹಾಗೆ. ಮತ್ತೆ ಶಾರ್ಲೆಟ್ 1937ರಲ್ಲಿ ಸತ್ತ ಎಷ್ಟೋ ವರ್ಷ ಆದ್ಮೇಲೆ, 1949ರಲ್ಲಿ, ಹಳೇ ಫೋಟೋ ಕೊಟ್ಟು ಅವಳ ದೊಡ್ಡ ಪೇಂಟಿಂಗ್ ಮಾಡಿಸಿ ಮನೇಲಿ ಹಾಕ್ಕೊಂಡಿದ್ಲು ಮರ್ಲ್. ಪ್ರೀತಿ ಇಲ್ದಿದ್ರೆ ಯಾರು ಮಾಡಿಸ್ತಾರೆ?

ಧಾರವಾಡ_ಮಾಸ್ತರ:
ಆ ಪೇಂಟಿಂಗಿನ್ಯಾಗ ತಾಯಿ ಮೈಬಣ್ಣ ಬೆಳ್ಳಗ ಮಾಡಿಸ್ಯಾಳ ಅನ್ನೋದು ಯಾಕ ಬಿಟ್ರಿ ಅಕ್ಕಾರ? ಸತ್ತ ಮ್ಯಾಲೂ ಆ ಮುದುಕಿಗೆ ತನ್ನ ಬಣ್ಣ ತನಗ ಸಿಗಲಿಲ್ಲ.

ಕೋಟೆ_ಹುಡ್ಗ:
ನಾನು ಎಚ್.ಡಿ. ಕೋಟೆಯವ್ನು, ನಂಗೆ ಈ ಚರ್ಚೆ ನೋಡಿದ್ರೆ ಒಂದೇ ಹೆಸ್ರು ನೆನಪಾಗದು. ನಮ್ಮ ಸಾಬು. ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ, ಅವರಪ್ಪ ಮೈಸೂರು ಮಹಾರಾಜರ ಆನೆ ನೋಡ್ಕತಿದ್ದ. ಇದೇ ಕೋರ್ಡಾ ಕಂಪ್ನಿಯವ್ರು ಮೈಸೂರಿಗೆ ಬಂದು ‘ಎಲಿಫೆಂಟ್ ಬಾಯ್’ ತೆಗೆದ್ರು, 1937ರಲ್ಲಿ ರಿಲೀಸು, ಆ ಹುಡ್ಗ ಪ್ರಪಂಚಕ್ಕೆಲ್ಲ ಫೇಮಸ್ ಆದ. ಅವ್ನು ಟಾಸ್ಮೇನಿಯಾ ಅಂದ್ನಾ? ಮೈಸೂರು ಅಂದ. ಅದೇ ಯಜಮಾನ, ಅದೇ ಕಾಲ. ಹಂಗಿದ್ರೆ ಕಾಲ ಹೇಳ್ಸದು ಮರ್ಲ್ ಒಬ್ಬಳಿಗೇನಾ?

ಮೀನಾ_ಕುಡ್ಲ:
ಸಾಬುವಿನ ಮುಖ ನೋಡಿದ್ರೆ ಯಾರೂ ಟಾಸ್ಮೇನಿಯಾ ಅಂತ ನಂಬ್ತಿರ್ಲಿಲ್ಲ, ಮುಚ್ಚಿಡುವ ದಾರಿಯೇ ಅವನಿಗೆ ಇರ್ಲಿಲ್ಲ. ಅದನ್ನ ಪ್ರಾಮಾಣಿಕತೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಮರ್ಲ್‌ಗೆ ದಾರಿ ಇತ್ತು, ಹಿಡಿದ್ಲು.

ಕೋಟೆ_ಹುಡ್ಗ:
ಮುಖದ ಬಗ್ಗೆ ಮಾತಾಡ್ಬೇಡಿ ಅಕ್ಕ. ಕಪ್ಪಗಿರೋನಿಗೆ ಪ್ರಾಮಾಣಿಕತೆಗೂ ಮಾರ್ಕ್ಸ್ ಇಲ್ಲ ಅಂದಂಗಾಯ್ತು ನೀವು ಹೇಳಿದ್ದು. ಸಾಬು ಅಮೆರಿಕಾದ ಏರ್‌ಫೋರ್ಸಲ್ಲಿ ಯುದ್ಧ ಮಾಡವ್ನೆ, ಬಾಂಬರ್ ವಿಮಾನದ ಗನ್ನರ್, ಮೆಡಲ್ ತಗೊಂಡವ್ನೆ.

ಮೀನಾ_ಕುಡ್ಲ:
ನಾನು ಹಾಗೆ ಹೇಳ್ಲೇ ಇಲ್ಲ! ಓದಿ ಇನ್ನೊಮ್ಮೆ.

ಕಿರಣ್_ಗಾಂಧಿಬಜಾರ್:
ಕೋಟೆಯವ್ರು ಹೇಳಿದ್ದು ನೂರಕ್ಕೆ ನೂರು. “ಕಾಲ ಹೇಳಿಸಿದ್ದು” ವಾದಕ್ಕೆ ಸಾಬುನೇ ಉತ್ತರ. ಅಮೆರಿಕಾದ ಕಾನೂನು ಭಾರತೀಯರಿಗೆ ಸಿಟಿಜನ್‌ಶಿಪ್ ಕೊಡ್ತಿರ್ಲಿಲ್ಲ, 1946ರವರೆಗೂ ಬಾಗಿಲು ಮುಚ್ಚಿತ್ತು ಅಂತ ಮರ್ಲ್ ಪರ ಮಾತಾಡೋರು ಯಾವಾಗ್ಲೂ ಹೇಳ್ತಾರೆ. ಸಾಬು 1944ರಲ್ಲೇ ಅಮೆರಿಕನ್ ಸಿಟಿಜನ್ ಆದ. ಭಾರತೀಯ ಅಂತ ಹೇಳ್ಕೊಂಡೇ ಆದ.

ರೂಪಾ_ಹಳೇರೀಲು:
1944 ಅಂತೀರ, ಮರ್ಲ್ ಹಾಲಿವುಡ್ಡಿಗೆ ಹೋಗಿದ್ದು 1934–35ರ ಹೊತ್ತಿಗೆ. ಹತ್ತು ವರ್ಷ ಮುಂಚೆ. ನಡುವೆ ಒಂದು ಮಹಾಯುದ್ಧ ಇದೆ. ಅವಳು ಹೋದಾಗ 1917ರ ವಲಸೆ ಕಾನೂನು ಜಾರೀಲಿತ್ತು, ಭಾರತ ಸೇರಿ ಏಷ್ಯಾದ ಬಹುಭಾಗಕ್ಕೆ ಗೆರೆ ಎಳೆದು ಬರಬೇಡಿ ಅಂದಿದ್ದು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಭಾರತೀಯರು ಬಿಳಿಯರಲ್ಲ, ಸಿಟಿಜನ್‌ಶಿಪ್ ಇಲ್ಲ ಅಂತ ತೀರ್ಪು ಕೊಟ್ಟಿತ್ತು. ಇದು ಅವಳ ತಲೆ ಮೇಲೆ ತೂಗ್ತಿದ್ದ ಕತ್ತಿ ಅಲ್ವಾ?
ಮತ್ತೆ ಸಾಬುಗೆ ಕೊಟ್ಟಿದ್ದು ಎಂಥ ಪಾತ್ರ ಅಂತಲೂ ಹೇಳಿ. ಆನೆ ಹುಡುಗ, ರಾಜಕುಮಾರ, ಬಾಗ್ದಾದಿನ ಕಳ್ಳ, ಕಾಡಲ್ಲಿ ಬೆಳೆದ ಮೋಗ್ಲಿ. ದೊಡ್ಡವನಾದ್ಮೇಲೂ ಮೈಮೇಲೆ ಅಂಗಿ ಹಾಕೋ ಪಾತ್ರ ಎಷ್ಟು ಸಿಕ್ತು ಅವನಿಗೆ?

ಕೋಟೆ_ಹುಡ್ಗ:
“ಅಂಗಿ” ಅಂತ ಹೇಳಿ ಸಾಬುನ ಕೀಳು ಮಾಡ್ಬೇಡಿ. ‘ದ ಥೀಫ್ ಆಫ್ ಬಾಗ್ದಾದ್’ 1940ರದ್ದು, ನೋಡಿದ್ದೀರಾ ನೀವು? ಆ ಸಿನಿಮಾ ನಿಂತಿರೋದೇ ಅವನಿಂದ. ಹೀರೋ ಯಾರು ಅಂತ ಇವತ್ತು ಯಾರ್ಗೂ ನೆನಪಿಲ್ಲ, ಸಾಬು ನೆನಪವ್ನೆ. ನಮ್ಮೂರಲ್ಲಿ ಇವತ್ಗೂ ಹಳಬರು ಅವನ ಹೆಸ್ರು ಹೇಳ್ತಾರೆ. ಮರ್ಲ್ ಓಬೆರಾನ್ ಹೆಸ್ರು ಕಲ್ಕತ್ತಾದಲ್ಲಿ ಯಾರು ಹೇಳ್ತಾರೆ ಕೇಳಿ ನೋಡಿ.

ಪ್ರಸಾದ್_ಸಂಗ್ರಹ:
ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ಸಾಬು ದಸ್ತಗೀರ್ ಅಂತ ಹೆಸರು ಓಡಾಡುತ್ತಲ್ಲ, ಆ ದಸ್ತಗೀರ್ ಅನ್ನೋದು ಅವನ ಅಣ್ಣನ ಹೆಸರು. ಜೊತೆಗೆ ಇಂಗ್ಲೆಂಡಿಗೆ ಹೋದ ಅಣ್ಣ. ಅದನ್ನ ತಮ್ಮನ ಹೆಸರಿಗೆ ಅಂಟಿಸಿಬಿಟ್ರು, ಕಡೇವರೆಗೂ ಹಾಗೇ ಉಳೀತು. ಅಂದ್ರೆ ಸಾಬು ‘ನಿಜವಾದ ಹೆಸರಲ್ಲೇ’ ಬದುಕಿದ ಅನ್ನೋದೂ ಪೂರ್ತಿ ಸರಿ ಅಲ್ಲ.

ಕೋಟೆ_ಹುಡ್ಗ:
ಯಾರೋ ಗುಮಾಸ್ತ ತಪ್ಪು ಬರ್ದಿದ್ದಕ್ಕೂ, ಓ’ಬ್ರಿಯನ್‌ನ ತಿದ್ದಿ ತೀಡಿ ಓಬೆರಾನ್ ಮಾಡ್ಕೊಂಡಿದ್ದಕ್ಕೂ ಒಂದೇನಾ ಸ್ವಾಮಿ?

ಪ್ರಸಾದ್_ಸಂಗ್ರಹ:
ಗುಮಾಸ್ತ ಅಂತ ನಾನು ಹೇಳಲಿಲ್ಲ.

ಕೋಟೆ_ಹುಡ್ಗ:
ಯಾರೋ ಒಬ್ರು. ಅವನು ಮಾಡಿದ್ದಲ್ವಲ್ಲ, ಅಷ್ಟು ಸಾಕು.

ಧಾರವಾಡ_ಮಾಸ್ತರ:
ಸಾಬುನ್ನ ‘ನಮ್ಮ’ ಅಂತ ಎದಿ ತಟಗೋತೀರಿ, ಸಂತೋಷ. ಆದ್ರ 1938ರಾಗ ‘ದ ಡ್ರಮ್’ ಅಂತ ಸಿನಿಮಾ ಮಾಡಿದ್ರಲ್ಲ, ಅದೂ ಕೋರ್ಡಾದ್ದ, ಅದೂ ಸಾಬು ಇದ್ದದ್ದ. ಇಂಗ್ಲಿಷರ ಆಳ್ವಿಕಿ ಭಾಳ ಛಲೋ ಅಂತ ತೋರಿಸ್ಯಾರ ಅಂತ ಬಾಂಬೆದಾಗ ಜನ ಬೀದಿಗೆ ಇಳದ್ರು. ಅಂದ್ರ ನಿಜ ಹೇಳಿದ ಹುಡುಗನ್ನ ತಮ್ಮ ಕೆಲಸಕ್ಕ ಉಪಯೋಗಿಸಿಕೊಂಡ್ರು, ಮುಚ್ಚಿಟ್ಟ ಹುಡುಗೀನೂ ತಮ್ಮ ಕೆಲಸಕ್ಕ ಉಪಯೋಗಿಸಿಕೊಂಡ್ರು.

ಕೋಟೆ_ಹುಡ್ಗ:
ಹದಿನಾಲ್ಕು ವರ್ಷದ ಹುಡ್ಗ ಕಣ್ ಮಾಸ್ತರೇ ಅವ್ನು ಆಗ! ಅಪ್ಪ ಅಮ್ಮ ಇಲ್ಲ, ಊರು ಬಿಟ್ಟು ಬಂದವ್ನೆ, ಅವನಿಗೆ ಪ್ರಚಾರ ಅಂದ್ರೇನು ಗೊತ್ತಾಗತ್ತಾ? ಅವನ ಮೇಲೂ ಹಾಕ್ತೀರಾ?

ಧಾರವಾಡ_ಮಾಸ್ತರ:
ನಾ ಹುಡುಗನ ಮ್ಯಾಲೆ ಹಾಕಿಲ್ರಿ, ಕೋರ್ಡಾನ ಮ್ಯಾಲೆ ಹಾಕೇನಿ. ನಿಮ್ಮ ಊರಿನ ಹೆಸರು ಬಂದಕೂಡ್ಲೆ ಉರದಬೀಳ್ತೀರಿ.

ಮೀನಾ_ಕುಡ್ಲ:
ಮಾಸ್ತರು ಈಗ ಕೋರ್ಡಾನ ಮೇಲೆ ಹಾಕಿದ್ರಲ್ಲ, ಅದನ್ನೇ ನಾವು ಬೆಳಿಗ್ಗೆಯಿಂದ ಹೇಳುದು.

ಧಾರವಾಡ_ಮಾಸ್ತರ:
ತಾಯಿ ವಿಷಯದಾಗ ನಾ ಒಂದಿಂಚೂ ಸರಿದಿಲ್ಲ.

ಕಿರಣ್_ಗಾಂಧಿಬಜಾರ್:
ಸಾಬು ವಿಷ್ಯದಲ್ಲಿ ಇನ್ನೊಂದು ಹೇಳ್ತೀನಿ ಕೇಳಿ. ‘ಬ್ಲ್ಯಾಕ್ ನಾರ್ಸಿಸಸ್’ 1947, ಅದರಲ್ಲಿ ಸಾಬು ರಾಜಮನೆತನದ ಹುಡುಗ, ಮೈತುಂಬ ಒಳ್ಳೇ ಬಟ್ಟೆ, ಸೆಂಟು ಹಾಕ್ಕೊಂಡು ಬರ್ತಾನೆ. ಅಂಗಿ ಇಲ್ಲ ಅನ್ನೋ ವಾದ ಅಲ್ಲಿಗೆ ಮುಗೀತು.

ರೂಪಾ_ಹಳೇರೀಲು:
ಅದೇ ಸಿನಿಮಾದಲ್ಲಿ ಅವನ ಎದುರು ಕಾಂಚಿ ಅನ್ನೋ ಹುಡುಗಿ ಪಾತ್ರ ಮಾಡಿದ್ದು ಯಾರು ಕಿರಣ್? ಜೀನ್ ಸಿಮ್ಮನ್ಸ್. ಲಂಡನ್ನಿನ ಬಿಳಿ ಹುಡುಗಿ, ಮೈಗೆಲ್ಲ ಕಂದು ಬಣ್ಣ ಬಳಿದು, ಮೂಗಿಗೆ ನತ್ತು ಹಾಕಿ ಕೂರಿಸಿದ್ರು. ಯಾರೂ ಅವಳನ್ನ ಸುಳ್ಳುಗಾತಿ ಅನ್ನಲಿಲ್ಲ, ಅಭಿನಯ ಅಂದ್ರು. ಬಿಳಿಯಳು ಕಂದು ಬಳ್ಕೊಂಡ್ರೆ ಕಲೆ, ಬಾಂಬೆಯವಳು ಬೆಳ್ಳಗೆ ಬಳ್ಕೊಂಡ್ರೆ ಮೋಸ. ನನಗೆ ಹೊಟ್ಟೆ ಉರಿಯೋದು ಇಲ್ಲೇ. ಮರ್ಲ್ ಶುರುವಿನಲ್ಲಿ ಯೂರೋಪಲ್ಲಿ ಮಾಡಿದ ‘ದ ಬ್ಯಾಟಲ್’ ಸಿನಿಮಾದಲ್ಲಿ ಜಪಾನಿ ಹೆಂಡತಿ ಪಾತ್ರ ಕೊಟ್ಟಿದ್ರು. ಆಮೇಲೆ ಹಾಲಿವುಡ್ ನಿರ್ಮಾಪಕ ಗೋಲ್ಡ್‌ವಿನ್ ‘ದ ಡಾರ್ಕ್ ಏಂಜೆಲ್’ಗೆ ಕರ್ಕೊಂಡು ಮೇಕಪ್ ಬದಲಾಯ್ಸಿ, ಕೂದಲು ಬದಲಾಯ್ಸಿ, ಇಂಗ್ಲೆಂಡಿನ ಹಳ್ಳಿ ಮನೆ ಹುಡುಗಿ ಮಾಡಿದ. ಅದಕ್ಕೇ ಅವಳಿಗೆ ಆಸ್ಕರ್ ನಾಮಿನೇಷನ್ ಬಂತು. ಬೆಟ್ಟಿ ಡೇವಿಸ್ ಗೆದ್ಲು, ಅದು ಬೇರೆ ವಿಷಯ.

ಕಿರಣ್_ಗಾಂಧಿಬಜಾರ್:
ಆಹಾ, ಆಸ್ಕರ್ ಮಾತು ಬಂತಲ್ಲ. 2023ರಲ್ಲಿ ಮಿಷೆಲ್ ಯೋ ಬೆಸ್ಟ್ ಆಕ್ಟ್ರೆಸ್ ಗೆದ್ದಾಗ ಪತ್ರಿಕೆಯವ್ರು ‘ತಾನು ಏಷ್ಯಾದವಳು ಅಂತ ಗುರುತಿಸಿಕೊಂಡ ಮೊದಲ ನಾಮಿನಿ’ ಅಂತ ಸುತ್ತುಬಳಸಿ ಬರೀಬೇಕಾಯ್ತು, ಯಾಕೆ? ಮರ್ಲ್‌ಳಿಂದ. ಅವಳು ಹೇಳ್ಕೊಂಡಿದ್ದಿದ್ರೆ 1936ರಲ್ಲೇ ದಾಖಲೆ ಆಗ್ತಿತ್ತು. ಒಂದು ಇಡೀ ಖಂಡದ ಜನಕ್ಕೆ ಸಿಗಬೇಕಿದ್ದ ಹೆಮ್ಮೇನ ಇವಳು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ಲು.

ಮೀನಾ_ಕುಡ್ಲ:
ಹೇಳ್ಕೊಂಡಿದ್ದಿದ್ರೆ ಆ ನಾಮಿನೇಷನ್ನೇ ಬರ್ತಿರ್ಲಿಲ್ಲ, ದಾಖಲೆ ಎಲ್ಲಿಂದ ಬರುದು? ಆನಾ ಮೇ ವಾಂಗ್ ಹೇಳಿಕೊಂಡೇ ಬದುಕಿದವಳು. ಅವಳಿಗೆ ಒಂದೂ ನಾಮಿನೇಷನ್ ಇಲ್ಲ. ಆ ಪ್ರಶ್ನೆಗೆ ನಿಮ್ಮಲ್ಲಿ ಒಬ್ಬರೂ ಇಲ್ಲಿವರೆಗೆ ಉತ್ತರ ಕೊಡ್ಲಿಲ್ಲ, ನೆನಪಿರಲಿ.

ಕೋಟೆ_ಹುಡ್ಗ:
ಸಾಬುಗೂ ನಾಮಿನೇಷನ್ ಇಲ್ಲ. ಆದ್ರೂ ಹೇಳ್ಕೊಂಡ.

ಮೀನಾ_ಕುಡ್ಲ:
ಮತ್ತೆ ಸಾಬು! ಹೆಂಗಸಿನ ಕಥೆ ಮಾತಾಡ್ಲಿಕ್ಕೆ ಶುರು ಮಾಡಿದ್ದು, ಇಲ್ಲಿ ಅರ್ಧಕ್ಕಿಂತ ಹೆಚ್ಚು ಕಾಮೆಂಟ್ ಒಬ್ಬ ಗಂಡಸಿನ ಮೇಲೆ ಉಂಟು. ಅವನು ಆನೆ ಮೇಲೆ ಕೂತು ನಗಾಡಿದ್ರೆ ಸಾಕಿತ್ತು. ಇವಳು ನಾಯಕನನ್ನ ಅಪ್ಪಬೇಕಿತ್ತು, ಮುತ್ತು ಕೊಡಬೇಕಿತ್ತು, ಹೆಂಡತಿ ಆಗಬೇಕಿತ್ತು. ಕಾನೂನು, ಕೋಡು ಎಲ್ಲ ಕಣ್ಣಿಟ್ಟದ್ದು ಅದರ ಮೇಲೆ. ಹುಡುಗನ ಮೈಬಣ್ಣಕ್ಕೆ ಟಿಕೆಟ್ ಮಾರಬಹುದಿತ್ತು, ಹೆಂಗಸಿನ ಮೈಬಣ್ಣಕ್ಕೆ ಟಿಕೆಟ್ ಹರೀತಿರ್ಲಿಲ್ಲ. ಇದಿಷ್ಟೇ ವ್ಯತ್ಯಾಸ.

ಕೋಟೆ_ಹುಡ್ಗ:
“ಆನೆ ಮೇಲೆ ಕೂತು ನಗಾಡಿದ್ರೆ ಸಾಕಿತ್ತು”. ಈ ಮಾತು ವಾಪಸ್ ತಗೊಳಿ. ಕಾಕನಕೋಟೆ ಕಾಡಲ್ಲಿ ಆನೆ ಜೊತೆ ಕೆಲಸ ಮಾಡದು ನಗಾಡದಲ್ಲ. ಮಾವುತರ ಮನೆ ಕಷ್ಟ ನೋಡಿದೀರಾ? ನಮ್ಮ ತಾತ ಖೆಡ್ಡಾದಲ್ಲಿ ಕೂಲಿ ಮಾಡಿದವ್ರು, ಆನೆ ತುಳಿದು ಸತ್ತವ್ರನ್ನ ಹೊತ್ತು ತಂದಿದ್ದು ಹೇಳೋರು. ಅಂಥ ಕಡೆಯಿಂದ ಬಂದ ಹುಡ್ಗ ಅವ್ನು. ನೀವು ಸಮುದ್ರದ ಪಕ್ಕ ಕೂತು ಬರೀತೀರಿ.

ಮೀನಾ_ಕುಡ್ಲ:
ಆನೆ ಕೆಲಸದ ಬಗ್ಗೆ ನಾನು ಹೇಳಿದ್ದಲ್ಲ, ಸಿನಿಮಾ ಪಾತ್ರದ ಬಗ್ಗೆ. ವಾಪಸ್ ತಗೊಳ್ಳುವಂಥದ್ದು ಏನೂ ಇಲ್ಲ.

ಕೆಜಿಎಫ್_ವಾಣಿ:
ನಾನು ಇಷ್ಟು ಹೊತ್ತು ಓದ್ತಾ ಇದ್ದೆ, ಬರೀಬಾರ್ದು ಅಂದ್ಕೊಂಡಿದ್ದೆ. ನಾನು ಹುಟ್ಟಿ ಬೆಳೆದಿದ್ದು ಕೆಜಿಎಫ್‌ನಲ್ಲಿ, ಚಿನ್ನದ ಗಣಿ ಇನ್ನೂ ನಡೀತಿದ್ದಾಗ. ನಮ್ಮ ಲೈನಲ್ಲಿ ಎರಡು ಮನೆ ಆಚೆ ಒಬ್ಬ ಆಂಗ್ಲೋ ಇಂಡಿಯನ್ ಆಂಟಿ ಇದ್ರು. ಕ್ರಿಸ್‌ಮಸ್‌ಗೆ ಕಲ್‌ಕಲ್ ಮಾಡಿ ನಮ್ಮನೆಗೆ ತಟ್ಟೆ ತುಂಬ ಕಳಿಸೋರು. ಅವರ ಮನೆ ಹಾಲ್‌ನಲ್ಲಿ ಅಜ್ಜನ ಫೋಟೋ ಇತ್ತು, ಇಂಗ್ಲಿಷಿನವನು, ದೊಡ್ಡ ಮೀಸೆ. ಅಜ್ಜಿ ಫೋಟೋ ಇರ್ಲಿಲ್ಲ. ನಾನು ಚಿಕ್ಕವಳು, ಕೇಳ್ಬಿಟ್ಟೆ, ಅಜ್ಜಿ ಎಲ್ಲಿ ಅಂತ. ಆಂಟಿ ಬೀರು ತೆಗೆದು, ಸೀರೆ ಕೆಳಗಿಂದ ಒಂದು ಚಿಕ್ಕ ಫೋಟೋ ತೆಗೆದು ತೋರಿಸಿದ್ರು. ಅಜ್ಜಿ ನಮ್ಮಜ್ಜಿ ಥರನೇ ಇದ್ಲು, ಹಣೆಗೆ ಬೊಟ್ಟು. ತೋರಿಸಿ ಮತ್ತೆ ಒಳಗಿಟ್ರು, ಯಾರಿಗೂ ಹೇಳ್ಬೇಡ ಮಗು ಅಂದ್ರು. ಆಂಟಿ ಒಳ್ಳೆಯವರು, ಅಜ್ಜೀನ ಪ್ರೀತಿ ಮಾಡ್ತಿದ್ರು, ಆದ್ರೆ ಮುಖಕ್ಕೆ ಪೌಡರ್ ಹಚ್ಚದೆ ಬಾಗಿಲಿಗೆ ಬರ್ತಿರ್ಲಿಲ್ಲ. ಆ ಜನರಿಗೆ ಇಂಗ್ಲಿಷಿನವರೂ ನಮ್ಮವರು ಅನ್ನಲಿಲ್ಲ, ನಾವೂ ಅನ್ನಲಿಲ್ಲ. ಕೆಲಸ, ಕ್ವಾರ್ಟರ್ಸು, ಸ್ಕೂಲು, ಮದುವೆ ಎಲ್ಲದಕ್ಕೂ ಎಷ್ಟು ಬೆಳ್ಳಗಿದೀರಿ ಅನ್ನೋದೇ ಲೆಕ್ಕ. ಮರ್ಲ್ ಆ ಪೌಡರ್ ಹಚ್ಚಿಕೊಂಡು ಬಂದ ಮನೆಯ ಹುಡುಗಿ. ನೀವು ಗಂಡಸರು ‘ಹೆಮ್ಮೆ’ ಅಂತ ಸಲೀಸಾಗಿ ಬರೀತೀರಿ, ಹೆಮ್ಮೆ ಪಡಿ ಅಂತ ಅವಳಿಗೆ ಹೇಳಿದವರು ಯಾರಿದ್ರು?

ಕಿರಣ್_ಗಾಂಧಿಬಜಾರ್:
ಪೌಡರ್ ಬಗ್ಗೆ ಹೇಳಿದ್ರಲ್ಲ, ಮರ್ಲ್ ಮಾಡಿಸ್ಕೊಂಡಿದ್ದು ಪೌಡರ್ ಅಲ್ಲ. ಮುಖ ಬೆಳ್ಳಗೆ ಕಾಣ್ಲಿ ಅಂತಲೇ ಒಂದು ಲೈಟನ್ನೇ ಕಂಡುಹಿಡಿಸಿದ್ಲು. ‘ಓಬಿ’ ಅಂತ ಅದರ ಹೆಸರೇ ಅವಳದ್ದು.

ಪ್ರಸಾದ್_ಸಂಗ್ರಹ:
ಇದು ತಪ್ಪು ಮಾಹಿತಿ. 1937ರ ಮಾರ್ಚ್‌ನಲ್ಲಿ ಲಂಡನ್ನಲ್ಲಿ ಕಾರ್ ಆಕ್ಸಿಡೆಂಟ್ ಆಗಿ ಅವಳ ಮುಖಕ್ಕೆ ಗಾಯ ಆಯ್ತು. ಆಗ ಕೋರ್ಡಾಗೆ ‘ಐ, ಕ್ಲಾಡಿಯಸ್’ ಶೂಟಿಂಗ್ ನಡೀತಿತ್ತು, ಆ ಕಾರಣ ಹೇಳಿಯೇ ಸಿನಿಮಾ ನಿಂತೋಯ್ತು, ಮುಗೀಲೇ ಇಲ್ಲ. ಓಬಿ ಲೈಟ್ ಮಾಡಿದ್ದು ಕ್ಯಾಮೆರಾಮನ್ ಲೂಸಿಯನ್ ಬಲ್ಲಾರ್ಡ್, 1944ರ ‘ದ ಲಾಡ್ಜರ್’ ಸಿನಿಮಾಗೆ. ಲೆನ್ಸ್ ಪಕ್ಕದಲ್ಲೇ ಚಿಕ್ಕ ಲೈಟು ಕೂರಿಸಿದ್ರೆ ಬೆಳಕು ನೇರ ಮುಖಕ್ಕೆ ಬಿದ್ದು, ಚರ್ಮದ ಏರುತಗ್ಗಿನ ನೆರಳು ಕಾಣಲ್ಲ, ಗಾಯದ ಗುರುತು ಮುಚ್ಚತ್ತೆ. ಮಾಡಿದ್ದು ಗಾಯಕ್ಕೆ. ಮಾರನೇ ವರ್ಷ ಅವನನ್ನೇ ಮದುವೆ ಆದ್ಲು.

ಕಿರಣ್_ಗಾಂಧಿಬಜಾರ್:
ನೇರ ಬೆಳಕು ಬಿದ್ರೆ ಮುಖ ಬೆಳ್ಳಗೂ ಕಾಣತ್ತೆ ಅಲ್ವಾ? ಹೌದೋ ಇಲ್ವೋ ಅಷ್ಟು ಹೇಳಿ.

ಪ್ರಸಾದ್_ಸಂಗ್ರಹ:
ಕಾಣಬಹುದು. ಮಾಡಿದ್ದು ಅದಕ್ಕಲ್ಲ.

ಕಿರಣ್_ಗಾಂಧಿಬಜಾರ್:
ಅಷ್ಟೇ ಸಾಕು ನಂಗೆ.

ಧಾರವಾಡ_ಮಾಸ್ತರ:
ವಾಣಿ ಅಕ್ಕಾರ, ನೀವು ಬರದದ್ದು ಓದಿ ಮನಸ್ಸು ಭಾರ ಆತು. ಆದ್ರ ನಿಮ್ಮ ಆಂಟಿ ಫೋಟೋ ಬೀರುವಿನ್ಯಾಗ ಇಟ್ಟಿದ್ರು, ಅಜ್ಜಿ ಕೈಯಾಗ ಚಹಾ ತಟ್ಟಿ ಕೊಟ್ಟು ಕೆಲಸದಾಕಿ ಅನ್ನಲಿಲ್ಲ. ಎರಡಕ್ಕೂ ಫರಕ್ ಐತಿ.

ಕೆಜಿಎಫ್_ವಾಣಿ:
ಅಜ್ಜಿ ಬದುಕಿದ್ದಾಗ ಏನು ಮಾಡಿದ್ರೋ ನಾನು ನೋಡಿಲ್ಲ ಮಾಸ್ತರೇ. ಆ ಪ್ರಶ್ನೆ ಕೇಳೋ ಧೈರ್ಯ ನನಗೆ ಆಮೇಲೆ ಯಾವತ್ತೂ ಬರ್ಲಿಲ್ಲ.

ಧಾರವಾಡ_ಮಾಸ್ತರ:
ಮತ್ತ ಹ್ಯಾರಿ? ಕಾನ್‌ಸ್ಟನ್ಸ್ ಮಗ ಹ್ಯಾರಿ ಬಾಂಬೆದ ದಾಖಲಿಯೊಳಗ ಮರ್ಲ್‌ನ ಜನ್ಮಪತ್ರ ಹುಡುಕಿ ತಗದಾನ, ತಾಯಿ ಹೆಸರು ಕಾನ್‌ಸ್ಟನ್ಸ್ ಅಂತ ಇತ್ತು ಅದರಾಗ. ಅಂದ್ರ ತನ್ನ ಒಡಹುಟ್ಟಿದಾಕಿ. ನೋಡಬೇಕಂತ ಅಮೆರಿಕಾಕ್ಕ ಹೋದ್ರ ಬಾಗಿಲು ತಗೀಲಿಲ್ಲ. ಆಗ ಯಾವ ಸ್ಟುಡಿಯೋ ಆಕೀನ್ನ ಹಿಡಕೊಂಡಿತ್ತು?

ರೂಪಾ_ಹಳೇರೀಲು:
ಹ್ಯಾರಿ ಆ ಪತ್ರವನ್ನ ಜೀವನಚರಿತ್ರೆ ಬರೆಯೋರಿಗೂ ಕೊಡಲಿಲ್ಲ, ಎಷ್ಟೋ ವರ್ಷ ತನ್ನ ಹತ್ರನೇ ಇಟ್ಕೊಂಡಿದ್ದ, ಗೊತ್ತಾ? ಬಾಗಿಲು ತೆಗೀದೆ ಇದ್ದ ಅಕ್ಕನ ಗುಟ್ಟನ್ನ ತಮ್ಮನೂ ಕಾಪಾಡಿದ. ಅವನಿಗೆ ಅರ್ಥ ಆಗಿತ್ತು ಅಂತ ನನಗನ್ನಿಸತ್ತೆ. ನಿಮಗೆ ಯಾಕೆ ಆಗ್ತಿಲ್ಲ?

ಧಾರವಾಡ_ಮಾಸ್ತರ:
ತಮ್ಮ ದೊಡ್ಡ ಮನಸ್ಸಿನಾವ. ಅದು ತಮ್ಮನ ಗುಣ ಆತು, ಅಕ್ಕನ ಗುಣ ಆಗಲಿಲ್ಲ.

ಕಿರಣ್_ಗಾಂಧಿಬಜಾರ್:
ಇಷ್ಟೆಲ್ಲ ಮಾಡಿ ಸಿಕ್ಕ ಕ್ಯಾಥಿ ಪಾತ್ರನಾದ್ರೂ ನೆಟ್ಟಗೆ ಮಾಡಿದ್ಲಾ? ಸಿನಿಮಾಗೆ ಎಂಟು ಆಸ್ಕರ್ ನಾಮಿನೇಷನ್. ಆಲಿವಿಯರ್‌ಗೆ ಬಂತು, ಇಸಬೆಲ್ಲಾ ಮಾಡಿದ ಜೆರಾಲ್ಡೀನ್ ಫಿಟ್ಜ್‌ಜೆರಾಲ್ಡ್‌ಗೆ ಬಂತು, ನಾಯಕಿಗೆ ಬರ್ಲಿಲ್ಲ. ಆಲಿವಿಯರ್‌ಗೆ ವಿವಿಯನ್ ಲೀ ಬೇಕಿತ್ತು. ಅವಳೂ ಡಾರ್ಜಿಲಿಂಗಲ್ಲಿ ಹುಟ್ಟಿದವಳೇ, ಯಾವತ್ತೂ ಮುಚ್ಚಿಡ್ಲಿಲ್ಲ.

ಮೀನಾ_ಕುಡ್ಲ:
ವಿವಿಯನ್ ಲೀಗೆ ಡಾರ್ಜಿಲಿಂಗ್ ಅಂದ್ರೆ ಸಾಹೇಬರ ಮಗಳು ಗುಡ್ಡದ ಮೇಲೆ ಹುಟ್ಟಿದ್ದು, ಹೇಳಿಕೊಂಡ್ರೆ ಚಂದ. ಮರ್ಲ್‌ಗೆ ಬಾಂಬೆ ಅಂದ್ರೆ ಅಮ್ಮ ಯಾರು ಅನ್ನುವ ಪ್ರಶ್ನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡ್ತೀರಲ್ಲ, ಅದಕ್ಕೇ ನಿಮ್ಮ ಹತ್ರ ವಾದ ಮಾಡ್ಲಿಕ್ಕೆ ಬೇಜಾರು ಬರುದು. ಮತ್ತೆ ಅಭಿನಯದ ಬಗ್ಗೆ ಹೇಳುದಾದ್ರೆ, ಕ್ಯಾಥಿ ಸಾಯುವ ಸೀನು ನೋಡಿ. ಕಿಟಕಿ ಹತ್ರ ಎತ್ತಿಕೊಂಡು ಹೋಗು ಅಂತಾಳೆ, ಬಯಲು ನೋಡಬೇಕು ಅಂತಾಳೆ. ಬಿಟ್ಟು ಬಂದ ಜಾಗವನ್ನ ಹಾಗೆ ನೋಡುವ ಕಣ್ಣು ಎಲ್ಲಿಂದ ಬಂತು ಅಂತ ನನಗೆ ಪ್ರತಿ ಸಲ ಗಂಟಲು ಕಟ್ತದೆ.

ಕಿರಣ್_ಗಾಂಧಿಬಜಾರ್:
ಆ ಕಣ್ಣಿಗೆ ಬೆಳಕು ಕೊಟ್ಟವನು ಗ್ರೆಗ್ ಟೋಲಂಡ್. ಆ ಸಿನಿಮಾಗೆ ಬಂದ ಒಂದೇ ಒಂದು ಆಸ್ಕರ್ ಛಾಯಾಗ್ರಹಣಕ್ಕೆ.

ರೂಪಾ_ಹಳೇರೀಲು:
ಒಂದು ವಿಷಯ ಹೇಳಿ ಮಲಗ್ತೀನಿ, ನಾಳೆ ಕಾಲೇಜಿದೆ. 1937 ಆ ವರ್ಷ ಒಂದನ್ನೇ ತಗೊಳ್ಳಿ. ಮಾರ್ಚ್‌ನಲ್ಲಿ ಮರ್ಲ್‌ಗೆ ಆಕ್ಸಿಡೆಂಟ್, ಮುಖಕ್ಕೆ ಗಾಯ, ‘ಐ, ಕ್ಲಾಡಿಯಸ್’ ನಿಂತಿದ್ದು. ಅದೇ ವರ್ಷ ಶಾರ್ಲೆಟ್ ಸತ್ತಿದ್ದು. ಅದೇ ವರ್ಷ ಸಾಬುನ ‘ಎಲಿಫೆಂಟ್ ಬಾಯ್’ ಬಿಡುಗಡೆ, ಊರೂರಲ್ಲಿ ‘ನಿಜವಾದ ಭಾರತೀಯ ಹುಡುಗ’ ಅಂತ ಅವನ ಫೋಟೋ. ಎರಡೂ ಸಿನಿಮಾ ಕೋರ್ಡಾನ ಡೆನ್‌ಹ್ಯಾಮ್ ಸ್ಟುಡಿಯೋದ್ದು. ಒಬ್ಬನ ಊರಿನ ಹೆಸರನ್ನ ಪೋಸ್ಟರ್ ಮೇಲೆ ಹಾಕಿ ದುಡ್ಡು ಮಾಡಿದ ಕಾಂಪೌಂಡಲ್ಲೇ ಇನ್ನೊಬ್ಬಳು ತನ್ನ ಊರಿನ ಹೆಸರನ್ನ ನುಂಗಿಕೊಂಡು ಓಡಾಡ್ತಿದ್ಲು. ಕೋಟೆಯವ್ರೇ, ಸಾಬು ನಿಮ್ಮವನು, ಖಂಡಿತ. ಮರ್ಲ್‌ನ ನಮ್ಮವಳು ಅನ್ನೋಕೆ ನಿಮ್ಮ ಹತ್ರ ಜಾಗ ಇಲ್ವಾ?

ಕೋಟೆ_ಹುಡ್ಗ:
ಜಾಗ ಇಲ್ಲ ಅಂತ ನಾನ್ ಹೇಳ್ಲಿಲ್ಲ. ಅವಳೇ ಬೇಡ ಅಂದ್ಲು. ಇನ್ನೊಂದ್ ವಿಷ್ಯ, ಇಬ್ಬರ ಸಮಾಧಿನೂ ಅಮೆರಿಕಾದಲ್ಲಿ ಫಾರೆಸ್ಟ್ ಲಾನ್ ಅನ್ನೋ ಒಂದೇ ಸ್ಮಶಾನದಲ್ಲಿ ಅದೆ. ಅಲ್ಲೂ ಸಾಬು ಸಾಬುನೇ.

ಪ್ರಸಾದ್_ಸಂಗ್ರಹ:
ಹೆಸರು ಒಂದೇ, ಜಾಗ ಬೇರೆ. ಸಾಬು ಇರೋದು ಹಾಲಿವುಡ್ ಹಿಲ್ಸ್‌ನ ಫಾರೆಸ್ಟ್ ಲಾನ್, ಮರ್ಲ್ ಇರೋದು ಗ್ಲೆಂಡೇಲ್‌ನದ್ದು.

ಕೋಟೆ_ಹುಡ್ಗ:
ಒಂದೇ ಕಂಪ್ನಿ ತಾನೇ?

ಪ್ರಸಾದ್_ಸಂಗ್ರಹ:
ಒಂದೇ ಕಂಪನಿ. ಸ್ಮಶಾನ ಎರಡು.

ಕೋಟೆ_ಹುಡ್ಗ:
ಒಂದೇ ಕಂಪ್ನಿ ಅಂತ ನೀವೇ ಒಪ್ಪಿದ್ರಲ್ಲ, ನಾನ್ ಹೇಳಿದ್ದೂ ಅದೇ.